ಪೆಟ್ಟಿಗೆಗೂ ಕಂಠವುಂಟೆ?

ಹೋದ ಭಾನುವಾರ ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ಹಳೆಯ ಅಮೆರಿಕನ್ ಚಿತ್ರವೊಂದನ್ನು ನೋಡುವ ಕಾರ್ಯಕ್ರಮ ಏರ್ಪಟ್ಟಿತು. ‘ಏರ್ಪಟ್ಟಿತು’ ಎಂದರೆ ನನ್ನ ಹತ್ತು ವರ್ಷದ ಮಗ ಹಟ ಹಿಡಿದ, ನಾನು ಮಣಿದೆ ಎಂದರ್ಥ. ಚಿತ್ರದ ಹೆಸರು ‘ಫರ್ಬಿಡನ್ ಪ್ಲಾನೆಟ್’. ‘ನಿಷಿದ್ಧ ಗ್ರಹ’ ಎಂದು ಕನ್ನಡಿಸಬಹುದು. ೧೯೫೬ರಲ್ಲಿ ಎಂ.ಜಿ.ಎಂ. ಸಂಸ್ಥೆ ತಯಾರಿಸಿದ ಈ ಚಿತ್ರದ ಮೇಲೆ ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ನೆರಳು ಬಿದ್ದಿದೆ. ದೂರದ ಗ್ರಹವೊಂದರಲ್ಲಿ ಮಗಳೊಡನೆ ನೆಲಸಿದ ಒಬ್ಬ ಪಂಡಿತ. ಅವನನ್ನು ಅರಸಿಕೊಂಡು ಬರುವ ಒಂದು ವ್ಯೋಮನೌಕೆ. ಇರುಳಿನಲ್ಲಿ ಬಂದು ಕೊಲ್ಲುವ, ಕಣ್ಣಿಗೆ ಕಾಣದ ಒಂದು ಭೂತ. ಆ ಭೂತ ಬೇರೆಲ್ಲಿಂದಲೂ ಬಂದುದಲ್ಲ, ಪಂಡಿತನ ಮನಸ್ಸಿನ ತಳದಿಂದಲೇ ಎದ್ದುಬಂದುದು ಎಂಬುದು ಕಥೆಯ ಕೊನೆಗೆ ತಿಳಿಯುತ್ತದೆ.

ಚಿತ್ರ ಆರಂಭವಾಗಿ ಎರಡು ನಿಮಿಷವಾಗಿರಲಿಲ್ಲ. ಅಡಿಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದ ನಮ್ಮ ತಾಯಿ ಅಲ್ಲಿಂದಲೇ ಕೂಗಿ ಕೇಳಿದರು: “ಯಾರ ಮನೆಯದೋ ಮಿಕ್ಸಿ ಕೆಟ್ಟಿದೆಯೇನೋ, ನೋಡೋ!”

ಎಲ್ಲರೂ ನಕ್ಕೆವು. ನಗುವಂತೆಯೇ ಇತ್ತು. ಪಿಟೀಲಿಲ್ಲ, ಪಿಯಾನೊ ಇಲ್ಲ, ತುತ್ತೂರಿ ಇಲ್ಲ. ಗುಳುಗುಳು, ಸುಯ್, ಕೀಚ್ ಎನ್ನುವ ಸದ್ದುಗಳು ಒಂದರ ಮೇಲೊಂದು ಏರಿ ಇಳಿಯುತ್ತಿದ್ದವು. ಮಗ ಕೇಳಿದ: “ಅಪ್ಪ, ಇದು ಸಂಗೀತವೋ, ಬರೀ ಸದ್ದೋ?”

ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಇದೊಂದು ಬಗೆ. ಕೇಳಲು ಅರೆನಿಮಿಷ ಸಾಕು. ಉತ್ತರಿಸಲು ಒಂದು ಅಂಕಣವೂ ಸಾಲದು. ಈ ಪ್ರಶ್ನೆಯನ್ನು ನನ್ನ ಮಗನಿಗಿಂತ ಎಷ್ಟೋ ಮೊದಲೇ, ೧೯೫೬ರಲ್ಲಿಯೇ, ದೊಡ್ಡವರು ಕೇಳಿದ್ದರು. ಕೇಳಿದ್ದಷ್ಟೇ ಅಲ್ಲ, ತೀರ್ಪನ್ನೂ ಕೊಟ್ಟುಬಿಟ್ಟಿದ್ದರು. ಚಿತ್ರದ ಹೆಸರುಗಳ ಪಟ್ಟಿಯಲ್ಲಿ ‘ಸಂಗೀತ’ ಎಂಬ ಮಾತೇ ಇಲ್ಲ. ಅದರ ಸ್ಥಳದಲ್ಲಿ ‘ಇಲೆಕ್ಟ್ರಾನಿಕ್ ಟೋನಾಲಿಟೀಸ್: ಲೂಯಿ ಮತ್ತು ಬೀಬಿ ಬ್ಯಾರನ್’ ಎಂದಿದೆ. ವಿದ್ಯುತ್ ಸ್ವನಗಳು ಎಂದು ಹೇಳಬಹುದೇನೋ. ಸಂಗೀತ ಎನ್ನಲು ನಾಲಗೆ ಏಳದಿದ್ದಾಗ ಹುಟ್ಟಿಕೊಂಡ ಪದ ಅದು.

ಈ ದಂಪತಿಗಳ ಕಥೆಯನ್ನು ವಾಚಕರು ಕೇಳಬೇಕು. ೧೯೪೭ರಲ್ಲಿ ಅವರ ಮದುವೆಯಾದಾಗ ಉಡುಗೊರೆಯಾಗಿ ಒಂದು ಧ್ವನಿಮುದ್ರಣ ಯಂತ್ರ ಬಂದಿತು. ಬೆಳ್ಳಿಯ ಪಾತ್ರೆ ಬರಬೇಕಾದಲ್ಲಿ ಟೇಪ್ ರೆಕಾರ್ಡರ್! ಆ ಕಾಲಕ್ಕೆ ಅದು ಬಲು ಅಪರೂಪದ ವಸ್ತು. ಅವರು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಸಣ್ಣದೊಂದು ಧ್ವನಿಶಾಲೆಯನ್ನು ಕಟ್ಟಿಕೊಂಡರು. ಪ್ರಯೋಗಶೀಲ ಸಂಗೀತಗಾರ ಜಾನ್ ಕೇಜ್ ಅಲ್ಲಿಗೆ ಬಂದು ಕೆಲಸ ಮಾಡಿದ. ಟೇಪಿನ ಸುರುಳಿಗಳನ್ನು ಕತ್ತರಿಯಿಂದ ಚೂರು ಚೂರಾಗಿ ಕತ್ತರಿಸಿ, ಮತ್ತೆ ಅಂಟಿಸಿ, ತಿಂಗಳುಗಟ್ಟಲೆ ದುಡಿದು ಕೆಲವೇ ನಿಮಿಷಗಳ ಒಂದು ಕೃತಿಯನ್ನು ಅವರು ಸಿದ್ಧಗೊಳಿಸಿದರು. ಹೂ ಕಟ್ಟುವವರ ತಾಳ್ಮೆ ಬೇಕಾದ ಕೆಲಸ.

೧೯೪೮ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ‘ಸೈಬರ್ನೆಟಿಕ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದ್ದ. ಪ್ರಾಣಿಗಳೂ ಯಂತ್ರಗಳೂ ತಮ್ಮನ್ನು ತಾವು ನಿಯಂತ್ರಿಸಿಕೊಳ್ಳುವ ಬಗೆಯಲ್ಲಿ ಸಾಮ್ಯವಿದೆ ಎಂಬುದು ಅದರ ಸಾರ. ಲೂಯಿ ಬ್ಯಾರನ್ ಅದನ್ನು ಓದಿ, ನಿರ್ವಾತ ಕೊಳವೆಗಳನ್ನು ಬೆಸುಗೆ ಹಾಕಿ, ತನ್ನದೇ ಆದ ವಿದ್ಯುನ್ಮಂಡಲಗಳನ್ನು ಜೋಡಿಸಿದ. ಅವುಗಳಿಗೆ ತಾಳಲಾರದಷ್ಟು ವಿದ್ಯುತ್ತನ್ನು ಹರಿಸಿದಾಗ ಅವು ಚೀರುತ್ತಿದ್ದವು, ಗೊಣಗುತ್ತಿದ್ದವು, ಕೊನೆಗೆ ಸುಟ್ಟುಹೋಗುತ್ತಿದ್ದವು. ಒಮ್ಮೆ ಸತ್ತ ಮಂಡಲ ಮತ್ತೆ ಅದೇ ದನಿಯಲ್ಲಿ ನುಡಿಯುತ್ತಿರಲಿಲ್ಲ. ಆದುದರಿಂದ ಅವರು ಎಲ್ಲವನ್ನೂ ಸುರುಳಿಯ ಮೇಲೆ ಹಿಡಿದಿಡುತ್ತಿದ್ದರು. ಅನಂತರ ಬೀಬಿಯ ಸರದಿ. ಗಂಟೆಗಟ್ಟಲೆ ಕುಳಿತು ಆಕೆ ಆ ಸದ್ದುಗಳನ್ನು ಆಲಿಸಿ, ‘ಇದು ಭಯ, ಇದು ಪ್ರೇಮ, ಇದು ಬೇಡ’ ಎಂದು ಆರಿಸುತ್ತಿದ್ದಳು. ಆರಿಸಿದ್ದನ್ನು ನಿಧಾನಿಸಿ, ಹಿಂದುಮುಂದು ಮಾಡಿ, ಮಾರ್ದನಿ ಕೂಡಿಸಿ ಹೆಣೆಯುತ್ತಿದ್ದರು. ಪೂರ್ಣ ಪ್ರಮಾಣದ ದೊಡ್ಡ ಚಲಚ್ಚಿತ್ರವೊಂದಕ್ಕೆ ಆದ್ಯಂತವಾಗಿ ವಿದ್ಯುನ್ಮಾನ ಹಿನ್ನೆಲೆ ಒದಗಿದುದು ಇದೇ ಮೊದಲು.

ಹಾಗಿದ್ದರೂ ‘ಸಂಗೀತ’ ಎಂಬ ಹೆಸರೇಕೆ ದಕ್ಕಲಿಲ್ಲ? ಅಮೆರಿಕೆಯ ವಾದ್ಯಗಾರರ ಸಂಘ ಬಲವಾದುದು. ವಾದ್ಯಗಾರನೇ ಇಲ್ಲದ ಸಂಗೀತವನ್ನು ಸಂಗೀತವೆಂದು ಕರೆದರೆ ತಕರಾರು ಬರಬಹುದೆಂದು ನಿರ್ಮಾಪಕರು ಅಳುಕಿದರು. ಹೆಸರು ತಪ್ಪಿದ್ದರಿಂದ ಆಸ್ಕರ್ ಸ್ಪರ್ಧೆಯ ಸಂಗೀತ ವಿಭಾಗದ ಬಾಗಿಲೂ ಮುಚ್ಚಿತು. ಇದರಲ್ಲೊಂದು ವಿಪರ್ಯಾಸವಿದೆ. ಕಥೆಯ ನಡುವೆ ಆ ಪಂಡಿತ, ಅಳಿದುಹೋದ ಕ್ರೆಲ್ ಜನಾಂಗದ ಸಂಗೀತವೆಂದು ಹೇಳಿ ಅತಿಥಿಗಳಿಗೆ ಒಂದು ಮುದ್ರಿಕೆಯನ್ನು ಕೇಳಿಸುತ್ತಾನೆ. ಐದು ಲಕ್ಷ ವರ್ಷಗಳಷ್ಟು ಹಿಂದಿನದೆಂದು ಹೇಳಿಕೊಳ್ಳುವ ಆ ಸಂಗೀತವೂ ಬ್ಯಾರನ್ ದಂಪತಿಗಳದೇ. ಚಿತ್ರದೊಳಗಿನ ಪಾತ್ರ ಅದನ್ನು ಸಂಗೀತವೆಂದು ಒಪ್ಪಿತು. ಚಿತ್ರವನ್ನು ತಯಾರಿಸಿದವರು ಒಪ್ಪಲಿಲ್ಲ! ಅದರ ಧ್ವನಿಮುದ್ರಿಕೆ ಹೊರಬಂದುದು ಇಪ್ಪತ್ತು ವರ್ಷಗಳ ಮೇಲೆ, ೧೯೭೬ರಲ್ಲಿ. ಅಂಥ ಇನ್ನೊಂದು ದೊಡ್ಡ ಚಿತ್ರದ ಅವಕಾಶ ಅವರಿಗೆ ದೊರೆಯಲೇ ಇಲ್ಲ. ಲೂಯಿ ೧೯೮೯ರಲ್ಲಿಯೂ ಬೀಬಿ ೨೦೦೮ರಲ್ಲಿಯೂ ತೀರಿಕೊಂಡರು.

ಬ್ಯಾರನ್‌ರಿಗಿಂತ ಮೊದಲೂ ವಿದ್ಯುತ್ತಿನ ದನಿ ಚಿತ್ರಗಳಲ್ಲಿ ಕೇಳಿಬಂದಿತ್ತು. ರಷ್ಯದ ಲೆವ್ ಟೆರ್ಮೆನ್ ೧೯೨೦ರ ಸುಮಾರಿಗೆ ಸೃಷ್ಟಿಸಿದ ಥೆರೆಮಿನ್ ಎಂಬುದೊಂದು ವಿಚಿತ್ರ ವಾದ್ಯ. ಅದನ್ನು ಮುಟ್ಟುವಂತಿಲ್ಲ. ಎರಡು ಲೋಹದ ಕಂಬಿಗಳ ಬಳಿ ಗಾಳಿಯಲ್ಲಿ ಕೈಯಾಡಿಸಬೇಕು. ಒಂದು ಕೈ ಸ್ವರವನ್ನು ಏರಿಳಿಸಿದರೆ ಇನ್ನೊಂದು ದನಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ೧೯೪೫ರ ‘ಸ್ಪೆಲ್‌ಬೌಂಡ್’ ಚಿತ್ರದಲ್ಲಿ ನಾಯಕನ ಚಿತ್ತವಿಭ್ರಮೆಯನ್ನು ಸೂಚಿಸಲು ಮಿಕ್ಲೋಷ್ ರೋಜಾ ಅದನ್ನು ಬಳಸಿ ಆಸ್ಕರ್ ಪಡೆದರು. ನುಡಿಸಿದಾತ ಸ್ಯಾಮ್ಯುಯೆಲ್ ಹಾಫ್‌ಮನ್. ವೃತ್ತಿಯಿಂದ ಪಾದಗಳ ವೈದ್ಯ! ಆದರೆ ಅಲ್ಲಿ ಥೆರೆಮಿನ್ ಒಂದು ದೊಡ್ಡ ವಾದ್ಯವೃಂದದ ನಡುವೆ ಬಂದ ಅತಿಥಿಯಾಗಿತ್ತು. ಬ್ಯಾರನ್‌ರು ಅತಿಥಿಗೆ ಮನೆಯನ್ನೇ ಬಿಟ್ಟುಕೊಟ್ಟರು.

ನಮ್ಮ ದೇಶದ ಮಾತೇನು ಎಂದು ಕೇಳುವವರಿಗೆ ಒಂದು ಸಂಗತಿ. ೧೯೫೪ರ ‘ನಾಗಿನ್’ ಹಿಂದಿ ಚಿತ್ರದ ಪುಂಗಿಯ ನಾದವನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮದುವೆಯ ದಿಬ್ಬಣದಲ್ಲಿ ಬ್ಯಾಂಡಿನವರು ಅದನ್ನು ಊದಿದೊಡನೆ ಕರವಸ್ತ್ರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹೆಡೆಯಾಡಿಸುವ ಒಬ್ಬ ಸೋದರಮಾವ ಪ್ರತಿ ಕುಟುಂಬದಲ್ಲಿಯೂ ಇದ್ದೇ ಇರುತ್ತಾನೆ. ಆದರೆ ಆ ಚಿತ್ರದಲ್ಲಿ ಕೇಳುವುದು ಹಾವಾಡಿಗನ ಸೋರೆಬುರುಡೆಯ ಪುಂಗಿಯಲ್ಲ. ಸಂಗೀತ ನಿರ್ದೇಶಕ ಹೇಮಂತ ಕುಮಾರರ ಬಳಿ ಅಂದು ದುಡಿಯುತ್ತಿದ್ದ, ಮುಂದೆ ತಾವೇ ಪ್ರಸಿದ್ಧ ನಿರ್ದೇಶಕರಾದ ಕಲ್ಯಾಣ್‌ಜಿಯವರು ಕ್ಲಾವಿಯೊಲಿನ್ ಎಂಬ ವಿದ್ಯುತ್ ವಾದ್ಯದಲ್ಲಿ ಅದನ್ನು ನುಡಿಸಿದರು. ಕಾನ್‌ಸ್ಟಾಂಟ್ ಮಾರ್ಟಿನ್ ಎಂಬ ಫ್ರೆಂಚ್ ಎಂಜಿನಿಯರ್ ರೂಪಿಸಿದ ಪೆಟ್ಟಿಗೆ ಅದು. ಅಮೆರಿಕದಲ್ಲಿ ‘ಇದು ಸಂಗೀತವಲ್ಲ’ ಎಂದು ಹೆಸರು ತಪ್ಪಿಸಿದ ಕಾಲಕ್ಕೇ, ನಮ್ಮ ಜನ ಒಂದು ಪೆಟ್ಟಿಗೆಯ ನಾದವನ್ನು ಹಾವೇ ತಲೆದೂಗುವ ಪುಂಗಿಯೆಂದು ನಂಬಿ, ತಾವೂ ತಲೆದೂಗುತ್ತಿದ್ದರು. ಕಿವಿಗೆ ಒಪ್ಪಿದರೆ ಕುಲಗೋತ್ರ ಕೇಳುವವರಾರು?

ಮುಂದಿನ ಕೆಲವು ಹೆಜ್ಜೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೯೬೩ರಲ್ಲಿ ಹಿಚ್‌ಕಾಕ್ ‘ದಿ ಬರ್ಡ್ಸ್’ ಚಿತ್ರವನ್ನು ತೆಗೆದಾಗ ರೂಢಿಯ ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟ. ಸಾವಿರಾರು ಹಕ್ಕಿಗಳ ರೆಕ್ಕೆಯ ಬಡಿತ, ಕೂಗು, ದಾಳಿ, ಎಲ್ಲದರಲ್ಲಿಯೂ ಬರ್ಲಿನಿನ ಆಸ್ಕರ್ ಸಾಲಾ ತನ್ನ ಟ್ರಾಟೋನಿಯಮ್ ವಾದ್ಯದಲ್ಲಿ ಹುಟ್ಟಿಸಿದ ದನಿಗಳು ಸೇರಿದ್ದವು. ಸದ್ದೆಲ್ಲಿ ಮುಗಿಯಿತು, ಸಂಗೀತವೆಲ್ಲಿ ಮೊದಲಾಯಿತು ಎಂದು ಗೆರೆಯೆಳೆಯುವುದು ಅಂದಿನಿಂದ ಕಷ್ಟವಾಯಿತು.

ರಷ್ಯದಲ್ಲಿ ಎವ್ಗೆನಿ ಮೂರ್ಜಿನ್ ಎಂಬ ಎಂಜಿನಿಯರ್ ‘ಎ.ಎನ್.ಎಸ್.’ ಎಂಬ ಯಂತ್ರವನ್ನು ಕಟ್ಟಿದ. ಸಂಗೀತಗಾರ ಅಲೆಕ್ಸಾಂಡರ್ ನಿಕೊಲಾಯೆವಿಚ್ ಸ್ಕ್ರಿಯಾಬಿನ್‌ನ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಕಪ್ಪು ಲೇಪ ಬಳಿದ ಗಾಜಿನ ಫಲಕದ ಮೇಲೆ ಗೀರಿದರೆ, ಆ ಗೀರುಗಳ ಮೂಲಕ ಹಾದ ಬೆಳಕು ನಾದವಾಗಿ ಹೊರಬರುತ್ತದೆ. ಅಕ್ಷರ ತಿದ್ದುವ ಹಲಗೆಯೇ ಹಾಡಿದಂತೆ! ೧೯೭೨ರ ‘ಸೋಲಾರಿಸ್’ ಚಿತ್ರಕ್ಕೆ ಎದುವಾರ್ದ್ ಆರ್ತೆಮ್ಯೆವ್ ಈ ಯಂತ್ರವನ್ನು ಬಳಸಿದ. ನಿರ್ದೇಶಕ ತಾರ್ಕೋವ್‌ಸ್ಕಿಗೆ ರಾಗಗಳಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಪರಿಸರದ ದನಿ. ನೀರಿನ, ಗಾಳಿಯ, ನೆನಪಿನ ದನಿ. ಆ ಯಂತ್ರನಾದಗಳ ಪಕ್ಕದಲ್ಲಿಯೇ ಬಾಖ್‌ನ ಹಳೆಯ ಪ್ರಾರ್ಥನಾಸಂಗೀತವೊಂದು ಬರುತ್ತದೆ. ಎರಡಕ್ಕೂ ಜಗಳವಿಲ್ಲ.

ಅತ್ತ ಅಮೆರಿಕದಲ್ಲಿ ರಾಬರ್ಟ್ ಮೂಗ್ ೧೯೬೪ರಲ್ಲಿ ತನ್ನ ಸಿಂಥಸೈಜರನ್ನು ಹೊರತಂದ. ವೆಂಡಿ ಕಾರ್ಲೋಸ್ ಅದರಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿ ೧೯೬೮ರಲ್ಲಿ ಮನೆಮಾತಾದರು. ೧೯೭೧ರ ‘ಎ ಕ್ಲಾಕ್‌ವರ್ಕ್ ಆರೆಂಜ್’ ಚಿತ್ರಕ್ಕಾಗಿ ಬೀಥೋವನನನ್ನು ಯಂತ್ರಕಂಠದಲ್ಲಿ ಹಾಡಿಸಿದರು. ಮುಂದೆ ೧೯೮೧ರಲ್ಲಿ ‘ಚಾರಿಯಟ್ಸ್ ಆಫ್ ಫೈರ್’ ಬಂದಿತು. ಕಡಲತೀರದಲ್ಲಿ ಓಡುವ ಯುವಕರ ಆ ದೃಶ್ಯಕ್ಕೆ ಸಂಗೀತ ಕೊಟ್ಟ ಗ್ರೀಸಿನ ವ್ಯಾಂಗೆಲಿಸ್‌ಗೆ ಸ್ವರಲಿಪಿಯನ್ನು ಓದಲೂ ಬರೆಯಲೂ ಬರುತ್ತಿರಲಿಲ್ಲ. ಆದರೂ ೧೯೮೨ರಲ್ಲಿ ಆಸ್ಕರ್ ಅವರನ್ನು ಹುಡುಕಿಕೊಂಡು ಬಂದಿತು. ಬ್ಯಾರನ್‌ರಿಗೆ ಮುಚ್ಚಿದ್ದ ಬಾಗಿಲು ವ್ಯಾಂಗೆಲಿಸ್‌ಗೆ ತೆರೆದಿತ್ತು. ಅದೇ ವರ್ಷ ತೆರೆಕಂಡ ‘ಬ್ಲೇಡ್ ರನ್ನರ್’ ಚಿತ್ರದಲ್ಲಿ, ಮಳೆ ಸುರಿಯುವ ಭವಿಷ್ಯದ ನಗರದ ಮೇಲೆ, ಯಮಾಹಾ ಸಿ.ಎಸ್.-೮೦ ಎಂಬ ಪೆಟ್ಟಿಗೆಯಿಂದ ವ್ಯಾಂಗೆಲಿಸ್ ಹೊರಡಿಸಿದ ನಾದ ಕೇಳಿದವರ ಎದೆಯನ್ನು ಇಂದಿಗೂ ಭಾರವಾಗಿಸುತ್ತದೆ. ೨೦೧೭ರಲ್ಲಿ ಅದರ ಉತ್ತರಕಥೆ ಬಂದಾಗ ಹಾನ್ಸ್ ಜಿಮ್ಮರ್ ಮತ್ತು ಬೆಂಜಮಿನ್ ವಾಲ್‌ಫಿಶ್ ಅದೇ ಹಳೆಯ ವಾದ್ಯವನ್ನು ಹುಡುಕಿ ನುಡಿಸಿದರು. ಒಂದು ಕಾಲಕ್ಕೆ ಹೊಸತೆಂದು ದೂರ ನಿಂತ ಯಂತ್ರ ಈಗ ಹಿರಿಯರ ವೀಣೆಯಂತೆ ಪೂಜ್ಯವಾಗಿದೆ.

ಇತ್ತೀಚಿನದೊಂದು ನಿದರ್ಶನ ಕೊಟ್ಟು ಮುಂದೆ ಹೋಗುತ್ತೇನೆ. ೨೦೧೯ರಲ್ಲಿ ‘ಚರ್ನೋಬಿಲ್’ ಎಂಬ ದೂರದರ್ಶನ ಧಾರಾವಾಹಿ ಬಂದಿತು. ೧೯೮೬ರ ಪರಮಾಣು ದುರಂತದ ಕಥೆ. ಅದಕ್ಕೆ ಸಂಗೀತ ಕೊಟ್ಟ ಐಸ್‌ಲೆಂಡಿನ ಹಿಲ್ದುರ್ ಗ್ವುದ್ನಾದೊತ್ತಿರ್, ಲಿಥುವೇನಿಯದಲ್ಲಿ ಮುಚ್ಚಲ್ಪಟ್ಟಿದ್ದ ಇಗ್ನಾಲಿನಾ ಪರಮಾಣು ಸ್ಥಾವರಕ್ಕೆ ರಕ್ಷಾಕವಚ ತೊಟ್ಟು ಹೋದರು. ಅಲ್ಲಿನ ಕೋಣೆಗಳ, ಬಾಗಿಲುಗಳ, ಯಂತ್ರಗಳ ದನಿಯನ್ನು ಮುದ್ರಿಸಿ ತಂದರು. ಆ ದನಿಗಳನ್ನೇ ಬಾಗಿಸಿ, ಹಿಗ್ಗಿಸಿ, ತಮ್ಮ ಕಂಠವನ್ನೂ ಕೂಡಿಸಿ ಸಂಗೀತವನ್ನು ಕಟ್ಟಿದರು. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ಅದೃಶ್ಯ ಮೃತ್ಯುವಿಗೆ ಒಂದು ದನಿ ಬೇಕಿತ್ತು. ಅದು ಆ ಗೋಡೆಗಳಿಂದಲೇ ಬಂದಿತು. ಕಾಣದ ಭೂತಕ್ಕೆ ದನಿ ಕೊಟ್ಟ ಬ್ಯಾರನ್ ದಂಪತಿಗಳ ಕೆಲಸದ ನೇರ ಮುಂದುವರಿಕೆ ಇದೆಂದು ನನಗೆ ತೋರುತ್ತದೆ. ಅಂದು ಕತ್ತರಿ, ಅಂಟು, ಸುರುಳಿಗಳಿಂದ ಮಾಡಿದ್ದನ್ನು ಇಂದು ಗಣಕಯಂತ್ರದಲ್ಲಿ ಮಾಡುತ್ತಾರೆ. ನಿಧಾನಿಸುವುದು, ತಿರುಗಿಸುವುದು, ಮಾರ್ದನಿಗೊಳಿಸುವುದು ಎಲ್ಲವೂ ಅಲ್ಲಿ ಗುಂಡಿಗಳಾಗಿವೆ. ಆ ಒಂದೊಂದು ಗುಂಡಿಯ ಹಿಂದೆ ಯಾರದೋ ನಿದ್ದೆಗೆಟ್ಟ ರಾತ್ರಿಗಳಿವೆ.

ಕನ್ನಡದ ಮೇಷ್ಟರಿಗೆ ಈ ಉಸಾಬರಿಯೇಕೆ ಎಂದು ಕೆಲವು ವಾಚಕರು ಕೇಳಿಯಾರು. ಕಾರಣವಿದೆ. ತರಗತಿಯಲ್ಲಿ ಪ್ರತಿವರ್ಷ ನಾನು ಕಾವ್ಯಮೀಮಾಂಸೆ ಪಾಠ ಹೇಳುವಾಗ ‘ಧ್ವನಿ’ ಎಂಬ ಪದಕ್ಕೆ ಬಂದು ನಿಲ್ಲುತ್ತೇನೆ. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನ ಕಾವ್ಯದ ಆತ್ಮವೇ ಧ್ವನಿ ಎಂದ. ನಮ್ಮ ಕವಿರಾಜಮಾರ್ಗದಲ್ಲಿಯೂ ಅದರ ಪ್ರಸ್ತಾಪವುಂಟು. ಘಂಟೆಯನ್ನು ಬಡಿದ ಮೇಲೆ ಉಳಿಯುವ ಅನುರಣನದಂತೆ, ಮಾತು ಮುಗಿದ ಮೇಲೆ ಮನಸ್ಸಿನಲ್ಲಿ ಹರಡುವ ಅರ್ಥ ಅದು. ಆ ಘಂಟೆ ಕಂಚಿನದೋ ಹಿತ್ತಾಳೆಯದೋ ಎಂಬುದು ಮುಖ್ಯವಲ್ಲವೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕೇಳುವ ಹೃದಯ ಮುಖ್ಯ. ಅದನ್ನೇ ಹಿಂದಿನವರು ಸಹೃದಯ ಎಂದರು. ಬ್ಯಾರನ್‌ರ ಮಂಡಲಗಳು ತಾವಾಗಿಯೇ ಚೀರಿದವು, ನಿಜ. ಆದರೆ ಸಾವಿರ ಚೀರಾಟಗಳ ನಡುವಿನಿಂದ ಅಳುವಿನಂತಿದ್ದ ಒಂದನ್ನು ಆರಿಸಿದ ಕಿವಿ ಬೀಬಿಯದು. ಇಂದು ಯಂತ್ರಗಳು ತಾವೇ ರಾಗ ಹೊಸೆಯುತ್ತವೆಂದು ಜನ ಬೆರಗಾಗುತ್ತಿರುವಾಗ, ಈ ಆರಿಸುವ ಕಿವಿಯ ಮಾತನ್ನು ನಾವು ಮರೆಯಬಾರದು.

ಈಗ ಭಾನುವಾರದ ರಾತ್ರಿಗೆ ಮರಳೋಣ. ಚಿತ್ರ ಕೊನೆಯ ಘಟ್ಟಕ್ಕೆ ಬಂದಿತ್ತು. ಪಂಡಿತ ತನ್ನ ತಪ್ಪನ್ನು ಅರಿತು, ತನ್ನೊಳಗಿನ ಭೂತಕ್ಕೆ ಎದುರಾಗಿ ನಿಂತು ಕುಸಿಯುತ್ತಾನೆ. ಭೂತದ ಆರ್ಭಟ ಮೆಲ್ಲಮೆಲ್ಲನೆ ಅಡಗುತ್ತದೆ. ಅಷ್ಟರಲ್ಲಿ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ತೆರೆಯ ಕಡೆಗೆ ಅವರು ನೋಡಿರಲೂ ಇಲ್ಲ. “ಪಾಪ, ಯಾವ ಪ್ರಾಣಿಯೋ ಸಾಯುತ್ತಿದೆ ಅಂತ ಕಾಣುತ್ತದೆ” ಎಂದರು.

ಮಿಕ್ಸಿ ಎಂದವರೂ ಅವರೇ, ಪ್ರಾಣಿ ಎಂದವರೂ ಅವರೇ. ಒಂದೂವರೆ ಗಂಟೆಯ ಅಂತರದಲ್ಲಿ, ಚಿತ್ರವನ್ನು ನೋಡದೆಯೇ, ಒಳಗಿನಿಂದ ಕೇಳಿಸಿಕೊಂಡೇ ನಮ್ಮ ತಾಯಿ ಸದ್ದಿನಿಂದ ಸಂಗೀತಕ್ಕೆ ದಾಟಿದ್ದರು. ಮಗನಿಗೆ ಉತ್ತರ ಸಿಕ್ಕಿತು. ನನಗೆ ಮಾತ್ರ ಇನ್ನೇನೋ ನೆನಪಾಗಿ ನಿದ್ದೆ ಬರಲಿಲ್ಲ.

ನಮ್ಮ ತಾಯಿಯ ಬಳಿ ತವರಿನಿಂದ ತಂದ ಒಂದು ತಂಬೂರಿಯಿತ್ತು. ಮನೆ ಬದಲಾಯಿಸುವಾಗ ಅದರ ಬುರುಡೆ ಸೀಳಿತು. ಅವರ ಬೆರಳುಗಳಿಗೂ ವಾತ ಹಿಡಿದಿತ್ತು. ನನ್ನ ತಮ್ಮ ಒಂದು ವಿದ್ಯುನ್ಮಾನ ತಂಬೂರಿಯನ್ನು ತಂದುಕೊಟ್ಟ. ಇಂಥ ಪೆಟ್ಟಿಗೆಗಳನ್ನು ನಮ್ಮ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು ಎಪ್ಪತ್ತರ ದಶಕದಲ್ಲಿಯೇ ರೂಪಿಸಿದರೆಂದೂ, ಇಂದು ಅವು ದೊಡ್ಡ ದೊಡ್ಡ ವೇದಿಕೆಗಳಲ್ಲಿಯೂ ವಿದ್ವಾಂಸರ ಪಕ್ಕದಲ್ಲಿ ಕುಳಿತಿರುತ್ತವೆಂದೂ ನಾನು ಬಲ್ಲೆ. ಬಲ್ಲವನಾಗಿದ್ದೂ, ಮೂರು ವರ್ಷಗಳ ಹಿಂದೆ, ನಾಲ್ವರು ಅತಿಥಿಗಳ ಮುಂದೆ ಜಾಣತನದ ಒಂದು ಮಾತನ್ನು ಆಡಿಬಿಟ್ಟೆ: “ಅಮ್ಮ, ಅದು ತಂಬೂರಿಯಲ್ಲ, ತಂಬೂರಿಯ ಶವಪೆಟ್ಟಿಗೆ!” ಅತಿಥಿಗಳು ನಕ್ಕರು. ಅಮ್ಮನೂ ನಕ್ಕರು.

ಮರುದಿನದಿಂದ ಅವರು ಬೆಳಗ್ಗೆ ಹಾಡುವಾಗ ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದರು. ಮಕ್ಕಳ ನಿದ್ದೆ ಕೆಡದಿರಲೆಂದು ಹಾಗೆ ಮಾಡುತ್ತಾರೆಂದು ನಾನು ತಿಳಿದಿದ್ದೆ. ಅಥವಾ ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತು. ಬ್ಯಾರನ್‌ರ ಹೆಸರಿನ ಮುಂದಿನಿಂದ ‘ಸಂಗೀತ’ ಎಂಬ ಪದವನ್ನು ಅಳಿಸಿದವರ ಮೇಲೆ ಭಾನುವಾರ ರಾತ್ರಿ ಸಿಟ್ಟಾಗಿದ್ದ ನಾನು, ಅದೇ ಕೆಲಸವನ್ನು ನನ್ನ ಮನೆಯಲ್ಲಿಯೇ, ಇನ್ನೂ ಅಗ್ಗವಾಗಿ, ಮಾಡಿದ್ದೆ. ಅವರಾದರೂ ಸಂಘದ ಭಯಕ್ಕೆ ಮಾಡಿದರು. ನಾನು ಒಂದು ನಗುವಿಗಾಗಿ ಮಾಡಿದೆ.

ಸೋಮವಾರ ನಸುಕಿನಲ್ಲಿ ಎದ್ದು ಅವರ ಕೋಣೆಯ ಮುಂದೆ ನಿಂತೆ. ಒಳಗೆ ಪೆಟ್ಟಿಗೆ ಮಿಡಿಯುತ್ತಿತ್ತು. ಅದರ ಮೇಲೆ ಸ್ವಲ್ಪ ಕಂಪಿಸುವ ಅವರ ದನಿ. ಬಾಗಿಲು ತಟ್ಟಿದೆ. ಹಾಡು ನಿಂತಿತು.

“ಏನಪ್ಪ, ಸದ್ದು ಜಾಸ್ತಿಯಾಯಿತೆ?”

“ಇಲ್ಲಮ್ಮ. ಹೊರಗೆ ಸರಿಯಾಗಿ ಕೇಳಿಸುತ್ತಿಲ್ಲ. ಬಾಗಿಲು ತೆಗೆದಿಟ್ಟು ಹಾಡಿ.”

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಏನನ್ನೂ ಕೇಳಲಿಲ್ಲ. ಪೆಟ್ಟಿಗೆಯ ಗುಂಡಿಯನ್ನು ಸ್ವಲ್ಪ ತಿರುಗಿಸಿ ಶ್ರುತಿಯನ್ನು ಸರಿಪಡಿಸಿಕೊಂಡು, ನಿಲ್ಲಿಸಿದ್ದಲ್ಲಿಂದ ಮುಂದಕ್ಕೆ ಹಾಡಿದರು. ಬಾಗಿಲು ತೆರೆದೇ ಇತ್ತು.